ಕೆಂಚಿಯ ಬಾಲ ಹಿಡಿದವರು

ಮದ್ದೂರಿನಲ್ಲಿ ಶಿಂಷಾ ಹೊಳೆ ದಾಟಿದರೆ ಸಿಗುವ ಹತ್ತು ಮನೆಯ ಕೇರಿಯಲ್ಲಿ ಚಿಕ್ಕಬೋರಯ್ಯ ಅಂತ ಒಬ್ಬ ಒಕ್ಕಲಿಗನಿದ್ದ. ಎರಡೆಕರೆ ರಾಗಿ ಹೊಲ, ನಾಡಹೆಂಚಿನ ಒಂದು ಮನೆ, ಹೊಂಬಾಳಮ್ಮ ಎಂಬ ಹೆಂಡತಿ, ಕೆಂಚಿ ಎಂಬ ಕೆಂದ ಹಸು, ಇಷ್ಟು ಅವನ ಸಂಸಾರ. ಇದರಲ್ಲಿ ಅವನ ಮಾತು ಕೇಳುತ್ತಿದ್ದುದು ಹಸು ಒಂದೇ. ಆ ಹಸುವೇ ಮದ್ದೂರಿನ ಅರ್ಧ ಅಗ್ರಹಾರವನ್ನು ವೈಕುಂಠಕ್ಕೆ ದಾಟಿಸಿತು ಅಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ಯಾರಿಗೇನು ನಷ್ಟ? ದಾಟಿದವರಲ್ಲಿ ಒಬ್ಬರಾದರೂ ವಾಪಸ್ಸು ಬಂದು, ದಾಟಿಸಲಿಲ್ಲ ಅಂತ ದೂರು ಕೊಟ್ಟಿದ್ದರೆ ಹೇಳಿ, ಕೇಳೋಣ.

ಇದು ಶುರುವಾದದ್ದು ಮೂವತ್ತೊಂದನೇ ಇಸವಿಯಲ್ಲಿ. ಅಗ್ರಹಾರದ ದೊಡ್ಡ ವಕೀಲರು, ಚಲುವನಾರಾಯಣ ಅಯ್ಯಂಗಾರ್ರು, ಇವತ್ತೋ ನಾಳೆಯೋ ಅನ್ನುವಂತಿದ್ದರು. ಸತ್ತವರ ದಾರಿಯಲ್ಲಿ ವೈತರಣಿ ಎಂಬ ಹೊಳೆ ಅಡ್ಡ ಬರುತ್ತದಂತೆ. ಅದರಲ್ಲಿ ಹರಿಯುವುದು ನೀರಲ್ಲ, ಕೀವು, ರಕ್ತ. ಕಣ್ಣು ಮುಚ್ಚುವ ಮೊದಲು ಬ್ರಾಹ್ಮಣನಿಗೆ ಒಂದು ಹಸು ದಾನ ಕೊಟ್ಟವನು ಆ ಹಸುವಿನ ಬಾಲ ಹಿಡಿದು ಆಚೆ ದಡ ಸೇರುತ್ತಾನೆ. ಕೊಡದವನು ಅಲ್ಲೇ ಮುಳುಗೇಳುತ್ತಿರುತ್ತಾನೆ. ವಕೀಲರು ಜೀವಮಾನವಿಡೀ ಯಾರಿಗೂ ಏನೂ ಕೊಟ್ಟವರಲ್ಲ. ಆದ್ದರಿಂದ ಹಸು ಬೇಕೇ ಬೇಕು ಅಂತ ಮನೆಯವರೆಲ್ಲ ಹಟ ಹಿಡಿದರು. ಪುರೋಹಿತರಾದ ತಿರುನಾರಾಯಣ ಅಯ್ಯಂಗಾರ್ರು ಊರೆಲ್ಲ ಅಲೆದು, ಕೊನೆಗೆ ಹೊಳೆ ದಾಟಿ ಬಂದು ಚಿಕ್ಕಬೋರಯ್ಯನ ಕೊಟ್ಟಿಗೆಯ ಮುಂದೆ ನಿಂತರು.

“ಒಂದು ಗಳಿಗೆ ಮಟ್ಟಿಗೆ ಕೊಡೋ ಬೋರ. ಪುಣ್ಯದ ಕೆಲಸ.”

ಚಿಕ್ಕಬೋರಯ್ಯನಿಗೆ ದಾಕ್ಷಿಣ್ಯ ಜಾಸ್ತಿ. ಹಗ್ಗ ಬಿಚ್ಚಿದ. ಹಸು ದಾರಿಯಲ್ಲಿ ಹೆದರೀತು ಅಂತ ಹೊಂಬಾಳಮ್ಮ ಒಂದು ಹಿಡಿ ಹುಲ್ಲು, ಜೊತೆಗೆ ತನ್ನ ಸಗಣಿ ಮಂಕರಿ ಹಿಡಿದು ಹಿಂದೆಯೇ ಹೊರಟಳು. ಆ ಮಂಕರಿ ಅವಳ ಕಂಕುಳು ಬಿಟ್ಟು ಇದ್ದದ್ದನ್ನು ಯಾರೂ ಕಂಡಿರಲಿಲ್ಲ.

ವಕೀಲರನ್ನು ಹಜಾರದಲ್ಲಿ ದರ್ಭೆಯ ಮೇಲೆ ಮಲಗಿಸಿದ್ದರು. ಹಸುವಿನ ಬಾಲ ಅವರ ಕೈಗೆ ಸಿಗಬೇಕಲ್ಲ, ಕೆಂಚಿಯನ್ನು ಹಿಮ್ಮುಖವಾಗಿ ಮೆಟ್ಟಿಲು ಹತ್ತಿಸುವುದರಲ್ಲಿ ಚಿಕ್ಕಬೋರಯ್ಯನಿಗೆ ಬೆವರು ಕಿತ್ತುಕೊಂಡಿತು. ಮಗ ಸಂಪತ್ ಕುಮಾರ ಅಪ್ಪನ ಕೈಯಲ್ಲಿ ಬಾಲ ಇಟ್ಟು, ಮೇಲೆ ತನ್ನ ಕೈ ಮುಚ್ಚಿ, ಕಣ್ಣೀರು ಹಾಕುತ್ತ ಕೂತ. ಪುರೋಹಿತರು ಮಂತ್ರ ಎತ್ತಿದರು. ಅದೇ ಹೊತ್ತಿಗೆ ಕೆಂಚಿ ಬಾಲ ಎತ್ತಿತು. ಬಾಲದ ಜೊತೆ ಎರಡು ಕೈಗಳೂ ಮೇಲೆದ್ದವು. ಆಮೇಲೆ ಆದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಪತ್ ಕುಮಾರನ ಮಡಿಪಂಚೆ ಹಾಳಾಯಿತು, ಅಷ್ಟೇ.

ಮನೆ ತುಂಬ ಜನ. ಅಳುತ್ತಿದ್ದವರು ಅಳು ನಿಲ್ಲಿಸಿದರು, ಮಂತ್ರ ನಿಂತುಹೋಯಿತು. ಆಗ ಬಾಗಿಲ ಹತ್ತಿರದಿಂದ ಹೊಂಬಾಳಮ್ಮ ಬಂದಳು. “ಚೂರು ಜರುಗಿ ಸಾಮಿ” ಅಂತ ವಕೀಲರ ಮಗನನ್ನು ಮೊಣಕೈಯಿಂದ ಸರಿಸಿ, ಎರಡು ಬಾಚಿಗೆ ನೆಲ ಚೊಕ್ಕಟ ಮಾಡಿ, ಮಂಕರಿ ಎತ್ತಿ ಕಂಕುಳಿಗೇರಿಸಿ ಬಂದ ದಾರಿಯಲ್ಲೇ ಹೊರಟುಹೋದಳು. ವಕೀಲರು ಈ ಲೋಕದಲ್ಲಿ ಕಟ್ಟಕಡೆಗೆ ಕಂಡದ್ದು ಹೊಂಬಾಳಮ್ಮನ ಬೆನ್ನು ಅಂತ ಅಗ್ರಹಾರದಲ್ಲಿ ಈಗಲೂ ಹೇಳುತ್ತಾರೆ.

ಚಿಕ್ಕಬೋರಯ್ಯನಿಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ದಾರಿಯುದ್ದಕ್ಕೂ ಬೈದ.

“ಅಂತಾ ಒತ್ನಲ್ಲಿ ನುಗ್ಗೋದಾ ಅಮ್ಮಿ? ಮಾನ ಮರ್ಯಾದೆ ಬ್ಯಾಡ್ವಾ?”

“ಬಿದ್ದಿದ್ದು ಕಂಡ್ಮೇಲೆ ಸುಮ್ನೆ ನಿಂತ್ಕಳಕ್ಕಾಯ್ತದಾ?” ಅಂದಳು ಅವಳು. ಅವಳ ಪಾಲಿಗೆ ಅಲ್ಲಿಗೆ ಮಾತು ಮುಗಿಯಿತು.

ದಾನ ಕೊಟ್ಟ ಹಸು ಪುರೋಹಿತರದ್ದು ತಾನೆ? ಶಾಸ್ತ್ರದ ಪ್ರಕಾರ ಅವರದ್ದೇ. ಆದರೆ ಅವರ ಹಿತ್ತಲಲ್ಲಿ ತುಳಸಿ ಕಟ್ಟೆಗೇ ಜಾಗ ಸಾಲದು. ಅವರ ಹೆಂಡತಿ ಆಂಡಾಳಮ್ಮ ಹಸುವಿನ ಮುಖ ನೋಡಿದ್ದೇ, “ಇದನ್ನ ಕಟ್ಟಿದರೆ ನಾನು ತವರಿಗೆ ಹೊರಟೆ” ಅಂದರು. ಸಾಯಂಕಾಲದ ಹೊತ್ತಿಗೆ ಕೆಂಚಿ ಹಿತ್ತಲ ಬಾಗಿಲಿಂದ ಹೊರಬಿದ್ದು, ಹೊಳೆ ದಾಟಿ, ತನ್ನ ಗೂಟಕ್ಕೆ ತಾನೇ ಬಂದು ನಿಂತಿತ್ತು. “ನಿನ್ನ ಹತ್ತಿರವೇ ಇರಲಿ ಬೋರ. ಬೇಕಾದಾಗ ಹೇಳಿ ಕಳಿಸ್ತೀನಿ” ಅಂದರು ಪುರೋಹಿತರು. ಹಾಗೆ ಅವರು ಹೇಳಿ ಕಳಿಸುತ್ತಲೇ ಹೋದರು. ಜನ ಸಾಯುತ್ತಲೇ ಇದ್ದರಲ್ಲ. ಒಂದು ಸಾವಿಗೆ ಚಿಕ್ಕಬೋರಯ್ಯನಿಗೆ ಒಂದು ಮೊರ ಅಕ್ಕಿ, ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ. ಒಂದೇ ಹಸುವನ್ನು ಅಗ್ರಹಾರದವರು ಒಬ್ಬರಾದ ಮೇಲೊಬ್ಬರು ದಾನ ಕೊಟ್ಟರು, ಒಬ್ಬರೇ ಪುರೋಹಿತರು ಅಷ್ಟೂ ಸಲ ತೆಗೆದುಕೊಂಡರು, ಅಷ್ಟೂ ಸಲ ಅದು ರಾತ್ರಿಯ ಹುಲ್ಲಿಗೆ ಚಿಕ್ಕಬೋರಯ್ಯನ ಮನೆಗೇ ಬಂತು.

ಸಾವಿನ ಮನೆಯಲ್ಲಿ ಹಸುವಿನ ಹಗ್ಗ ಹಿಡಿದು ನಿಂತವನಿಗೆ ಬೇರೆ ಏನು ಕೆಲಸ? ಕಿವಿಯಂತೂ ತೆರೆದೇ ಇರುತ್ತದೆ. ಐದಾರು ವರ್ಷದಲ್ಲಿ ಚಿಕ್ಕಬೋರಯ್ಯ ಪರಲೋಕದ ವಿಚಾರದಲ್ಲಿ ಭಾರಿ ತಿಳಿವಳಿಕಸ್ತನಾಗಿಬಿಟ್ಟ. ಅಯ್ಯಂಗಾರ್ರ ವೈಕುಂಠದಲ್ಲಿ ಹಸಿವಿಲ್ಲ, ಬಾಯಾರಿಕೆಯಿಲ್ಲ, ಎಲ್ಲರಿಗೂ ನಾಲ್ಕು ನಾಲ್ಕು ಕೈ, ಎಲ್ಲರೂ ಯಾವಾಗಲೂ ಸ್ವಾಮಿಯ ಸೇವೆ ಮಾಡಿಕೊಂಡಿರುವುದು.

“ಯಾವಾಗ್ಲೂ ಅಂದ್ರೆ ಎಷ್ಟ್ ದಿನ ಸಾಮಿ?” ಅಂತ ಅವನು ಒಮ್ಮೆ ಪುರೋಹಿತರನ್ನು ಕೇಳಿದ.

“ದಿನ ಎಲ್ಲಿ ಬಂತೋ? ಅನಂತ ಕಾಲ.”

“ಸ್ವಾಮಾರನೂ ರಜಾ ಇಲ್ವಾ?”

ಸೋಮವಾರ ಬಸವನ ದಿನ, ಆವತ್ತು ನಮ್ಮ ಕಡೆ ಯಾರೂ ಎತ್ತು ಹೂಡಿ ಆರು ಕಟ್ಟುವುದಿಲ್ಲ. ಎತ್ತಿಗೆ ಸಿಗುವ ರಜಾ ದೇವರ ಮನೆಯಲ್ಲಿ ಮನುಷ್ಯನಿಗೆ ಸಿಗುವುದಿಲ್ಲ ಅಂದರೆ ಅದೆಂಥ ಜಾಗ ಅಂತ ಚಿಕ್ಕಬೋರಯ್ಯನಿಗೆ ಅನುಮಾನ ಬಂತು. ಸ್ಮಾರ್ತರಾದ ಶಿರಸ್ತೇದಾರರ ಮನೆಯವರ ಸ್ವರ್ಗ ಬೇರೆ ಥರದ್ದು; ಅಲ್ಲಿ ರಂಭೆ ಕುಣಿಯುತ್ತಾಳೆ, ಆದರೆ ಪುಣ್ಯ ಮುಗಿದ ದಿನ ಕತ್ತು ಹಿಡಿದು ಭೂಮಿಗೆ ನೂಕುತ್ತಾರೆ. ಛತ್ರದಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರಗೊಡುವುದಿಲ್ಲವಲ್ಲ, ಹಾಗೆ. ಮೇಗಳ ಬೀದಿಯ ಲಿಂಗಾಯತರು ಹೊಳೆಯ ಮಾತೇ ಎತ್ತುತ್ತಿರಲಿಲ್ಲ. ಸತ್ತರೆ ಲಿಂಗದಲ್ಲಿ ಸೇರಿಕೊಂಡುಬಿಡುತ್ತೇವೆ, ನಮಗೆ ಬಾಲವೂ ಬೇಡ ಕೊಂಬೂ ಬೇಡ ಅಂದುಬಿಟ್ಟಿದ್ದರು. ಎತ್ತಿಗೆ ಲಾಳ ಕಟ್ಟುವ ಸಾಬರು ಹೇಳಿದ ಪ್ರಕಾರ ಅವರ ಕಡೆ ದೊಡ್ಡ ತೋಟವಿದೆ, ಅದರಲ್ಲಿ ಹಾಲಿನ ಕಾಲುವೆ, ಜೇನಿನ ಕಾಲುವೆ, ಕೈ ಅದ್ದಿದರೆ ಸಾಕು. ಚಿಕ್ಕಬೋರಯ್ಯ ಇದನ್ನೆಲ್ಲ ತಂದು ಉಣ್ಣುವ ಹೊತ್ತಿನಲ್ಲಿ ಹೆಂಡತಿಯ ಮುಂದೆ ಸುರಿಯುತ್ತಿದ್ದ.

ಹೊಂಬಾಳಮ್ಮ ಮುದ್ದೆ ತಟ್ಟುತ್ತ ಎಲ್ಲ ಕೇಳಿಸಿಕೊಂಡಳು.

“ಅಲ್ಲ ಕಣಯ್ಯ, ಅಯ್ನೋರ ವೈಕುಂಟದಲ್ಲೂ ಆಲಿನ ಸಮುದ್ರ ಅದೆ ಅಂದೆ. ಸಾಬ್ರ ತೋಟದಲ್ಲೂ ಆಲಿನ ಕಾಲ್ವೆ ಅದೆ ಅಂದೆ. ಎಲ್ಲಾರ ಸೊರ್ಗದಲ್ಲೂ ಆಲದೆ. ಸಗಣಿ ಯಾರ್ ಸೊರ್ಗದಲ್ಲೂ ಇಲ್ವಲ್ಲ?”

“ಸೊರ್ಗದಲ್ಲಿ ಸಗಣಿ ಯಾಕಿದ್ದದು ಅಮ್ಮಿ?”

“ಸಗಣಿ ಇಲ್ದೆ ಆಲು ಎಲ್ಲಿಂದ ಬತ್ತದೆ? ಬಾಚಾಕೋಳು ಯಾವಳೋ ಒಬ್ಳು ಅಲ್ಲಿ ಅವ್ಳೆ ಕಣಯ್ಯ. ಬೆಳಗ್ಗೆ ಎದ್ದು, ನಿಮ್ ದೇವ್ರು ಕಣ್ಣು ಬುಡೋದ್ರೊಳಗೆ ಎಲ್ಲಾ ಬಾಚ್ಬುಟ್ಟು ಓಗ್ತಾಳೆ. ಅವಳ ಸುದ್ದಿನ ಯಾವ ಪುರಾಣದೋರೂ ಬರೀಲಿಲ್ಲ.”

ಚಿಕ್ಕಬೋರಯ್ಯ ಉಂಡು ಕೈ ತೊಳೆದು ಜಗಲಿಗೆ ಹೋಗಿ ಬೀಡಿ ಹಚ್ಚಿದ.

ಅವಳಿಗೆ ಈ ಸಗಣಿಯ ಗೀಳು ಹುಟ್ಟಾ ಬಂದದ್ದು ಅಂತ ಕಾಣುತ್ತದೆ. ಬಿದ್ದದ್ದು ಕಣ್ಣಿಗೆ ಕಂಡಿತೋ, ತಲೆ ಮೇಲೆ ಆಕಾಶ ಕಳಚಿ ಬೀಳುತ್ತಿದ್ದರೂ ಎದ್ದು ಹೋಗಿ ಬಾಚಿ ಬರಬೇಕು. ಮಗಳು ಚಲುವಮ್ಮನ ಮದುವೆಯಲ್ಲಿ ಆದದ್ದು ಕೇಳಿ. ಮಳವಳ್ಳಿಯಿಂದ ಗಂಡಿನ ಕಡೆಯವರ ಏಳು ಗಾಡಿ ಬಂದು ಮನೆ ಮುಂದೆ ನಿಂತಿದ್ದವು. ಏಳು ಗಾಡಿ ಅಂದರೆ ಹದಿನಾಲ್ಕು ಎತ್ತು. ಧಾರೆಯ ಹೊತ್ತಿಗೆ ಸರಿಯಾಗಿ, ಹೆಣ್ಣಿನ ತಾಯಿ ಎಲ್ಲಿ, ಹಾಲೆರೆಯುವವಳು ಎಲ್ಲಿ ಅಂತ ಚಪ್ಪರದಲ್ಲಿ ಕೂಗಾಟ. ಹೆಣ್ಣಿನ ತಾಯಿ ರೇಷ್ಮೆ ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ಬೀಗರ ಎತ್ತಿನ ಹಿಂದೆ ಮಂಕರಿ ಹಿಡಿದು ನಿಂತಿದ್ದಳು. ಓಡಿ ಬಂದು ಧಾರೆ ಎರೆದಳು, ಸರಿ. ಉಗುರಿನ ಸಂದಿಯಲ್ಲಿ ಹಸಿರು ಹಾಗೇ ಇತ್ತು ಅಂತ ಬೀಗಿತ್ತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ನಲವತ್ತು ವರ್ಷದ ಸಂಸಾರದಲ್ಲಿ ಚಿಕ್ಕಬೋರಯ್ಯ ಒಂದು ದಿನವೂ ಸಗಣಿ ಮುಟ್ಟಿದವನಲ್ಲ. ಮುಟ್ಟಬಾರದು ಅಂತ ದೇವರೇನೂ ಹೇಳಿರಲಿಲ್ಲ. ಅವನು ಏಳುವಷ್ಟರಲ್ಲಿ ಕೊಟ್ಟಿಗೆ ಗುಡಿಸಿ, ತಿಪ್ಪೆಗೆ ಹಾಕಿ, ಗೋಡೆಗೆ ಬೆರಣಿ ತಟ್ಟಿ ಆಗಿರುತ್ತಿತ್ತು. ಕೊಟ್ಟಿಗೆ ತಾನಾಗಿಯೇ ಚೊಕ್ಕಟವಾಗುತ್ತದೆ ಅಂತ ಅವನು ತಿಳಿದಿದ್ದನೋ ಏನೋ. ಗಂಡಸರ ತಲೆಯಲ್ಲಿ ಏನೇನು ತಿಳಿವಳಿಕೆ ಇರುತ್ತದೆ ಅಂತ ಹೇಳುವುದು ಕಷ್ಟ.

ಅಗ್ರಹಾರಕ್ಕೆ ಬೆರಣಿ ಹಾಕುತ್ತಿದ್ದವಳೂ ಹೊಂಬಾಳಮ್ಮನೇ. ಒಂದು ದಿನ ಪುರೋಹಿತರ ಹಿತ್ತಲಲ್ಲಿ ಬೆರಣಿ ಇಳಿಸುವಾಗ ಆಂಡಾಳಮ್ಮ ಒದ್ದೆ ಸೀರೆಯಲ್ಲಿ ನಡುಗುತ್ತ ಒಲೆ ಊದುತ್ತಿದ್ದರು. ಮಡಿ ಅಂದರೆ ಹಾಗೆ; ಮಾಗಿ ಚಳಿಯಾದರೂ ಒದ್ದೆಯಲ್ಲೇ ಅಡುಗೆಯಾಗಬೇಕು.

“ಅಮ್ಮೋರೆ, ಅಯ್ನೋರು ಏಳ್ತಾರಲ್ಲ ವೈಕುಂಟ, ಅಲ್ಲಿ ಅಡ್ಗೆ ಯಾರು ಮಾಡದು?”

“ಅಲ್ಲಿ ಹಸಿವೇ ಇಲ್ಲವಂತೆ ಕಣೇ ಹೊಂಬಾಳೆ.”

“ಅಸಿವಿಲ್ದಿದ್ರೆ ಗಂಡಸ್ರು ಉಣ್ಣದು ಬುಟ್ಟಾರಾ?”

ಆಂಡಾಳಮ್ಮನಿಗೆ ನಗು ತಡೆಯಲಾಗಲಿಲ್ಲ. ಊದುಗೊಳವೆ ಕೆಳಗಿಟ್ಟು ಬಾಗಿಲ ಹತ್ತಿರ ಬಂದು ಕೂತರು. “ಸುಳ್ಳು ಯಾಕೆ ಹೇಳಲಿ, ಸ್ವಾಮಿಗೆ ನೈವೇದ್ಯ ಅಂತ ಇದ್ದೇ ಇರತ್ತೆ. ಪುಳಿಯೋಗರೆಗೆ ಹುಣಸೆಹಣ್ಣು ಕಿವುಚೋಕೆ ಯಾರನ್ನೋ ಕರೀತಾರೆ, ಆ ಯಾರೋ ನಾನೇ ಆಗಿರ್ತೀನಿ. ನನಗೇನೂ ಬೇಡ ಕಣೇ. ಒಣಗಿದ ಸೀರೆ ಉಟ್ಟು ಒಲೆ ಮುಂದೆ ಬೆಚ್ಚಗೆ ಕೂತ್ಕೊಳ್ಳೋ ಹಾಗಿದ್ದರೆ ಅದೇ ನನಗೆ ವೈಕುಂಠ. ನಿನಗೆ?”

ಹೊಂಬಾಳಮ್ಮ ಯೋಚಿಸಿದಳು. ಹೀಗೆ ಅವಳನ್ನು ಯಾರೂ ಕೇಳಿರಲಿಲ್ಲ.

“ಗ್ವಾಡೆಗೆ ಒರಗಿ, ಎರಡು ಕಾಲೂ ಉದ್ದಕ್ಕೆ ನೀಟ್ಕೊಂಡು ಕೂತ್ಕಬೇಕು ಅಮ್ಮೋರೆ. ಯಾರೂ ನನ್ನ ಏಳು ಅನ್ಬಾರ್ದು. ನಾನೂ ಏಳ್ಬಾರ್ದು.”

“ನಿನ್ನನ್ನ ಏಳದ ಹಾಗೆ ಮಾಡೋಕೆ ಆ ಪೆರುಮಾಳಿಗೂ ಆಗಲ್ಲ ಬಿಡು” ಅಂದರು ಆಂಡಾಳಮ್ಮ. ಇಬ್ಬರೂ ನಕ್ಕರು. ಅಷ್ಟರಲ್ಲಿ ಒಳಗಿಂದ ಪುರೋಹಿತರು ಕಾಫಿ ಕೇಳಿದರು, ಆಂಡಾಳಮ್ಮ ಎದ್ದು ಹೋದರು.

ಮೂವತ್ತೇಳರ ಮಾಗಿಯಲ್ಲಿ ಹೊಂಬಾಳಮ್ಮನ ಕಾಲು ಊದಿಕೊಂಡವು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಚಿಕ್ಕಬೋರಯ್ಯ ಅವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮಂಡ್ಯದ ಡಾಕ್ಟರ ಹತ್ತಿರ ಹೋದ. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಅವಳನ್ನು ಹೊರಗೆ ಕೂರಿಸಿ, ಇವನನ್ನು ಒಳಗೆ ಕರೆದರು. “ಗುಂಡಿಗೆ ದಣಿದು ಹೋಗಿದೆಯಪ್ಪ. ಬಗ್ಗಿ ಏಳೋ ಕೆಲಸ ಮಾಡಿಸಬೇಡ. ಎಷ್ಟು ದಿನ ಅಂತ ನಾನು ಹೇಳಲಾರೆ.” ಬಸ್ಸಿನಲ್ಲಿ ವಾಪಸ್ಸು ಬರುವಾಗ ಚಿಕ್ಕಬೋರಯ್ಯ ಕಿಟಕಿಯ ಆಚೆ ಮುಖ ತಿರುಗಿಸಿ ಕೂತ. ಮದ್ದೂರು ಬರುವವರೆಗೂ ಅಳುತ್ತಲೇ ಇದ್ದ.

ಮನೆಗೆ ಬಂದವಳೇ ಅವಳು ಮಂಕರಿಗೆ ಕೈ ಹಾಕಿದಳು. ಇವನು ಕಿತ್ತುಕೊಂಡು, ಪಕ್ಕದ ಮನೆ ಅಂಕಯ್ಯನ ಹೆಂಡತಿಯನ್ನು ಕೂಗಿ, “ನಾಕ್ ದಿನ ಬಾಚ್ಕೊಡವ್ವ” ಅಂತ ಕೈ ಮುಗಿದ. ಮಂಕರಿ ಕೈಯಲ್ಲೇ ಇತ್ತು, ಕೊಟ್ಟಿಗೆ ಹತ್ತು ಹೆಜ್ಜೆ ದೂರದಲ್ಲಿತ್ತು. ಆದರೂ ತಾನೇ ಹೋಗಬಹುದು ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ.

ಅವನಿಗೆ ಹತ್ತಿಕೊಂಡಿದ್ದ ಚಿಂತೆಯೇ ಬೇರೆ. ಹೊಂಬಾಳಮ್ಮ ಹೋದರೆ ಹೊಳೆ ಹೇಗೆ ದಾಟುತ್ತಾಳೆ? ಅವನ ಪೈಕಿಯಲ್ಲಿ ಗೋದಾನ ಗೀದಾನ ಯಾರೂ ಮಾಡಿಸಿದವರಲ್ಲ. ದಾಸಯ್ಯ ಬಂದು ಶಂಖ ಊದಿ ಜಾಗಟೆ ಬಡಿದರೆ ಮುಗಿಯಿತು. ಆದರೆ ಆರು ವರ್ಷ ಸಾವಿನ ಮನೆಗಳಲ್ಲಿ ನಿಂತು ಆ ಕೀವಿನ ಹೊಳೆಯ ವರ್ಣನೆ ಕೇಳಿದವನು ಅವನು. ನಿದ್ದೆಯಲ್ಲೂ ಅದರ ನಾತ ಬರುತ್ತಿತ್ತು. ತನ್ನ ಮನೆಯ ಹಸು, ತನ್ನ ಹೆಂಡತಿ ಕೊಯ್ದು ತಂದ ಹುಲ್ಲು. ದಾಟಿದವರೆಲ್ಲ ಊರವರು, ಮುಳುಗುವವಳು ಇವಳೇ ಅಂದರೆ ಯಾವ ನ್ಯಾಯ? ಹಾಗಂತ ಎದ್ದು ಹೋಗಿ ಕೆಂಚಿಯ ಬಾಲ ಹಿಡಿದು ನೋಡಿದ.

ಬಾಲದ ಕುಚ್ಚೇ ಇರಲಿಲ್ಲ. ಅಷ್ಟು ಜನ ಹಿಡಿದು ಎಳೆದು ಕೂದಲೆಲ್ಲ ಉದುರಿ, ತುದಿಯಲ್ಲಿ ಏಳೆಂಟು ಎಳೆ ಉಳಿದಿದ್ದವು. ಚಿಕ್ಕಬೋರಯ್ಯ ಕೊಟ್ಟಿಗೆಯಲ್ಲೇ ಕುಕ್ಕರಿಸಿ ನೆನಪು ಮಾಡಿಕೊಳ್ಳತೊಡಗಿದ. ಮೊದಲು ವಕೀಲರು. ಅವರ ಹಿಂದೆ, ಅವರ ಮೇಲೆ ಹನ್ನೆರಡು ವರ್ಷ ದಾವೆ ನಡೆಸಿದ್ದ ಅವರ ತಮ್ಮ. ಇಬ್ಬರೂ ಒಂದೇ ಬಾಲಕ್ಕೆ ಜೋತುಬಿದ್ದು ಏನು ಮಾತಾಡಿಕೊಳ್ಳುತ್ತಾರೋ! ಆಮೇಲೆ ಶಿರಸ್ತೇದಾರರು, ಅವರದ್ದೇ ಎರಡು ಪಲ್ಲ ರಾಗಿಯ ತೂಕ. ಆಮೇಲೆ ಯಾರನ್ನೂ ಮುಟ್ಟಿಸಿಕೊಳ್ಳದ ಮಡಿಯಜ್ಜಿ ಒಬ್ಬರು. ಬೆರಳು ಮಡಿಸುತ್ತ ಹೋದರೆ ಐವತ್ತನಾಲ್ಕು ಜನ ಆದರು. ಇಷ್ಟು ಜನ ತೂಗಾಡುತ್ತಿರುವ ಬಾಲದಲ್ಲಿ ಹೊಂಬಾಳಮ್ಮನಿಗೆ ಹಿಡಿಯಲು ಜಾಗವೆಲ್ಲಿ? ಜರುಗಿ ಅಂದರೆ ಜರುಗುವ ಜನವೇ ಅವರು?

ಮಾರನೆಯ ದಿನ ಹೊತ್ತು ಹುಟ್ಟುವ ಮೊದಲೇ ಪುರೋಹಿತರ ಬಾಗಿಲಲ್ಲಿ ನಿಂತ.

“ಸಾಮಿ, ಒಂದೇ ಅಸನ ಐವತ್ತು ಜನ ದಾನ ಕೊಟ್ರೆ ಅಲ್ಲಿ ಅದು ಯಾರ್ದಾಯ್ತದೆ?”

ಪುರೋಹಿತರು ಅತ್ತಿತ್ತ ನೋಡಿ, ಅವನನ್ನು ಜಗಲಿಯ ಮೂಲೆಗೆ ಕರೆದರು. “ಮೆಲ್ಲಗೆ ಮಾತಾಡೋ. ಹಸು ಒಂದೇ ಆದರೂ ದಾನ ಬೇರೆ ಬೇರೆ. ಪ್ರತಿ ಸಲವೂ ಮಂತ್ರದ ಬಲದಿಂದ ಅದು ಹೊಸ ಹಸುವೇ ಆಗತ್ತೆ.”

“ಒಸಾ ಅಸ ಆದ್ರೆ ಬಾಲ ಯಾಕೆ ಸಾಮಿ ಸವೆದೋಗದೆ?”

ಪುರೋಹಿತರು ಜನಿವಾರ ಎಳೆದಾಡಿಕೊಂಡರು. ಯಾರಿಗೂ ಹೇಳದ ಭಯ ಒಂದು ಅವರ ಹೊಟ್ಟೆಯಲ್ಲೂ ಇತ್ತು. ತೆಗೆದುಕೊಂಡ ದಾನವನ್ನು ಐವತ್ತು ಸಲ ಹಿತ್ತಲ ಬಾಗಿಲಿಂದ ಸಾಗಹಾಕಿದವರು ಅವರು. ತಮ್ಮ ಸರದಿ ಬಂದಾಗ ಯಾವ ಮುಖ ಹೊತ್ತು ಆ ಬಾಲ ಹಿಡಿಯುವುದು? ಆ ಐವತ್ತೂ ಜನ ಆಚೆ ದಡದಲ್ಲಿ ಕಾದು ಕೂತಿದ್ದರೆ?

“ನನ್ನ ಎಂಡ್ರುದು ನಿಜವಾದ ದಾನ ಆಗ್ಬೇಕು ಸಾಮಿ” ಅಂದ ಚಿಕ್ಕಬೋರಯ್ಯ. “ಅಸ ನಿಮ್ಮ ಮನೇಲೇ ಇರ್ಬೇಕು. ನಾನು ವಾಪಸ್ ಒಡ್ಕಂಡು ಓಗಲ್ಲ. ಅವಳೊಬ್ಬಳ ಎಸರಿಗೆ, ಪೂರಾ ಅಸ.”

“ಹಸು ಹೋದರೆ ನಿನಗೆ ಮಜ್ಜಿಗೆಗೂ ಗತಿಯಿಲ್ಲವಲ್ಲೋ.”

“ಅವಳೇ ಇಲ್ದಿದ್ಮೇಲೆ ಮಜ್ಜಿಗೆ ಯಾರಿಗ್ ಬೇಕು?”

ಒಳಗಿನಿಂದ ಆಂಡಾಳಮ್ಮನ ದನಿ ಬಂತು. “ಹಸು ಬಂದರೆ ಸಗಣಿ ಬಾಚೋಳು ನಾನಲ್ಲ. ಈಗಲೇ ಹೇಳಿದ್ದೀನಿ, ಆಮೇಲೆ ನನ್ನನ್ನ ಅನ್ನಬೇಡಿ.” ಪುರೋಹಿತರು ಹಣೆ ಹಣೆ ಚಚ್ಚಿಕೊಂಡರು. ಆದರೂ ಆಗಲಿ ಅಂದರು. ಈ ಒಂದು ದಾನವಾದರೂ ಸರಿಯಾಗಿ ತೆಗೆದುಕೊಂಡರೆ ತಮ್ಮ ಪಾಪವೂ ಸ್ವಲ್ಪ ಇಳಿದೀತು ಅಂತ ಅವರಿಗೂ ಆಸೆಯಾಗಿತ್ತು.

ಗುರುವಾರ ಬೆಳಗ್ಗೆ ಚಿಕ್ಕಬೋರಯ್ಯ ಕೆಂಚಿಯ ಮೈ ತೊಳೆದು, ಕೊಂಬಿಗೆ ಅರಿಶಿನ ಬಳಿದು, ತಾನೂ ಬಿಳಿ ಪಂಚೆ ಉಟ್ಟುಕೊಂಡ. ಹೊಂಬಾಳಮ್ಮನಿಗೆ ಏನೂ ಹೇಳಿರಲಿಲ್ಲ. ಅವಳು ಜಗಲಿಯಲ್ಲಿ ಗೋಡೆಗೆ ಒರಗಿ, ಊದಿದ ಕಾಲನ್ನು ಮಡಿಸಿಕೊಂಡೇ ಕೂತಿದ್ದಳು; ಯಾವ ಗಳಿಗೆಯಲ್ಲಿ ಏಳಬೇಕಾಗುತ್ತದೋ ಅಂತ ಕಾಲು ಮಡಿಸಿ ಕೂತು ಅವಳಿಗೆ ರೂಢಿ. ಪುರೋಹಿತರು ಬಂದು ಪಂಚಪಾತ್ರೆ ಇಟ್ಟರು. ಚಿಕ್ಕಬೋರಯ್ಯ ಹಸುವನ್ನು ಜಗಲಿಗೆ ಬೆನ್ನು ಮಾಡಿ ನಿಲ್ಲಿಸಿ, ಬಾಲ ತಂದು ಹೆಂಡತಿಯ ಕೈಗೆ ಇಟ್ಟ.

ಅವಳು ಬಾಲ ನೋಡಿದಳು, ಪುರೋಹಿತರನ್ನು ನೋಡಿದಳು, ಗಂಡನ ಬಿಳಿ ಪಂಚೆ ನೋಡಿದಳು. ಅರ್ಥವಾಯಿತು. ಹೆದರಿದ ಹಾಗೇನೂ ಕಾಣಲಿಲ್ಲ.

“ಇವಳ ಬಾಲ ಇಡ್ಕಂಡ್ರೆ ಇವಳೂ ನನ್ ಜೊತೆ ಬತ್ತಾಳಾ ಸಾಮಿ?”

“ಬರ್ತಾಳಮ್ಮ. ನಿನ್ನನ್ನ ಆಚೆ ದಡ ಸೇರಿಸ್ತಾಳೆ.”

“ಸೇರಿಸ್ಬುಟ್ಟು ಎಲ್ಲಿಗೋಗ್ತಾಳೆ?”

“ಎಲ್ಲಿಗೆ ಹೋಗ್ತಾಳೆ? ಅಲ್ಲೇ ನಿನ್ನ ಜೊತೆಗೇ ಇರ್ತಾಳೆ.”

“ಎಷ್ಟ್ ದಿನ?”

“ಅನಂತ...” ಅಂತ ಪುರೋಹಿತರು ಶುರು ಮಾಡಿ, ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಹೊಂಬಾಳಮ್ಮ ಬಾಲ ಬಿಟ್ಟಳು. “ಅಯ್ಯೋ ನಿಮ್ಮ ಗ್ಯಾನಕ್ಕಿಷ್ಟು! ನಲ್ವತ್ತು ವರ್ಸ ಇಲ್ಲಿ ಬಾಚಿದ್ದು ಸಾಲ್ದು ಅಂತ ಅಲ್ಲೂ ಇವಳ್ನ ನನ್ನ ಕುತ್ಗೆಗೆ ಕಟ್ಟೀರಾ? ಅವಳು ಆಕ್ತಾಳೆ, ನಾನ್ ಕಾಣ್ತೀನಿ, ಕಂಡ್ರೆ ನಾನು ಏಳ್ತೀನಿ. ಕಾಲ್ ನೀಟ್ಕೊಂಡು ಕೂರದು ಯಾವಾಗ? ಬ್ಯಾಡ. ಒಡ್ಕಂಡು ಓಗಯ್ಯ.”

“ಒಳೆ ದಾಟದೆಂಗೆ ಅಮ್ಮಿ?” ಚಿಕ್ಕಬೋರಯ್ಯನಿಗೆ ಅಳುವೇ ಬಂದುಬಿಟ್ಟಿತ್ತು. “ಕೀವಿನ ಒಳೆ ಕಣಮ್ಮಿ. ನೀನು ಮುಳುಗ್ಬುಟ್ರೆ ನಾನೇನ್ ಮಾಡ್ಲಿ?”

“ಚಲುವಿ ಒಟ್ಟೇಲಿದ್ದಾಗ, ತುಂಬಿದ ಶಿಂಸಾ ಒಳೆನ, ತಲೆ ಮ್ಯಾಲೆ ಉಲ್ಲಿನ ಒರೆ ಒತ್ಕಂಡು ದಾಟಿವ್ನಿ. ಆಗ ಯಾರು ಯಾವ ಬಾಲ ಕೊಟ್ಟಿದ್ರು? ಜಗಲಿ ಮ್ಯಾಲೆ ಬೀಡಿ ಸೇದ್ಕಂಡು ಕೂತಿದ್ದಲ್ಲ ನೀನು.”

ನಿಜ. ಕೂತಿದ್ದ. ಆ ದಿನ ಅವಳು ಒದ್ದೆ ಮೈಯಲ್ಲಿ ಬಂದು ಹೊರೆ ಇಳಿಸಿದ್ದು, ಇಳಿಸಿದವಳೇ ಕೊಟ್ಟಿಗೆಗೆ ಹೋದದ್ದು, ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು.

ಹಸುವಿಗೆ ಇದರ ಗೋಜೇನು? ಅದು ಬಾಲ ಎತ್ತಿತು. ಪುರೋಹಿತರು ಅನುಭವಸ್ಥರು, ಚಂಗನೆ ಹಿಂದೆ ಸರಿದರು. ತೊಪ್ಪೆ ಜಗಲಿಯ ಅಂಚಿಗೆ ಬಿತ್ತು. ಹೊಂಬಾಳಮ್ಮನ ಕಣ್ಣು ಅದರ ಮೇಲೆ ಹೋಯಿತು. ಮಾತಾಡುವುದಕ್ಕೇ ಏದುಸಿರು ಬಿಡುತ್ತಿದ್ದವಳು ಎಡಗೈ ನೆಲಕ್ಕೂರಿ, ಬಲಗೈಯಿಂದ ಗೋಡೆ ಹಿಡಿದು, ಹಲ್ಲು ಕಚ್ಚಿ ಏಳತೊಡಗಿದಳು.

“ಕೂತ್ಕಳಮ್ಮಿ!” ಅಂತ ಚಿಕ್ಕಬೋರಯ್ಯ ಕಿರುಚಿದ. ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಕೇರಿ ಕೇಳಿರಲಿಲ್ಲ. ಹಗ್ಗ ಬಿಸಾಕಿದ, ಮಂಡಿಯೂರಿದ, ಎರಡು ಕೈಯನ್ನೂ ಸಗಣಿಗೆ ಹಾಕಿದ. ಬಿಸಿಯಿತ್ತು. ಅರವತ್ತು ವರ್ಷದ ಒಕ್ಕಲಿಗನಿಗೆ ಸಗಣಿ ಬಿಸಿ ಇರುತ್ತದೆ ಅನ್ನುವುದು ಆವತ್ತು ಗೊತ್ತಾಯಿತು. ಎತ್ತಿದರೆ ಬೆರಳ ಸಂದಿಯಲ್ಲಿ ಜಾರಿ ಪಂಚೆಯ ಮೇಲೆಲ್ಲ ಸುರಿಯಿತು.

ಹೊಂಬಾಳಮ್ಮ ಏಳುತ್ತಿದ್ದವಳು ಅರ್ಧಕ್ಕೇ ನಿಂತು ನೋಡಿದಳು. “ಅಂಗಲ್ಲ ಕಣಯ್ಯ. ಅಂಗೈ ಅಡೀಗ್ ಆಕು. ತಬ್ಬಿ ಎತ್ತು, ಮಗೀನ್ ಎತ್ತೋ ಅಂಗೆ. ಥೂ, ಅರ್ದ ಅಲ್ಲೇ ಬುಟ್ಟೆ! ಬಲಗಡೆ, ಬಲಗಡೆ ನೋಡು. ಇನ್ನೊಂದ್ ಚೂರದೆ.” ಹೇಳುತ್ತ ಹೇಳುತ್ತ ಮತ್ತೆ ಕೆಳಗೆ ಕೂತಳು. ಗೋಡೆಗೆ ಒರಗಿದಳು. ಮೊದಲು ಒಂದು ಕಾಲು ಮುಂದಕ್ಕೆ ಚಾಚಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನೂ ಚಾಚಿದಳು.

ಪುರೋಹಿತರು ದರ್ಭೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಳೆ ದಾಟಿ ಮನೆಗೆ ಹೋದರು. ಆವತ್ತು ಅಡುಗೆಯ ಹೊತ್ತಿಗೆ ಅವರಾಗಿಯೇ, “ಒಣಗಿದ ಸೀರೆಯೇ ಉಟ್ಟುಕೋ, ಚಳಿ ಜಾಸ್ತಿ ಇದೆ” ಅಂದರಂತೆ. ಅವರಿಗೆ ಜ್ವರ ಬಂದಿರಬಹುದು ಅಂತ ಆಂಡಾಳಮ್ಮ ಹಣೆ ಮುಟ್ಟಿ ನೋಡಿದರಂತೆ.

ಆಮೇಲೆ ಇಪ್ಪತ್ತೆರಡು ದಿನ ಹೊಂಬಾಳಮ್ಮ ಕಾಲು ನೀಟಿಕೊಂಡು ಜಗಲಿಯಲ್ಲಿ ಕೂತಳು. ಕೂತಲ್ಲಿಂದಲೇ ಗಂಡನಿಗೆ ಬೈಯುತ್ತಿದ್ದಳು. ಅವನು ಗೋಡೆಗೆ ಹೊಡೆದ ಬೆರಣಿ ಮೂರು ದಿನ ಕೆಳಕ್ಕೇ ಬಿದ್ದವು. ಬೂದಿ ಸಾಲದು, ಹೊಟ್ಟು ಜಾಸ್ತಿಯಾಯಿತು, ತಟ್ಟುವುದೋ ಒಗೆಯುವುದೋ, ಹೀಗೆ. ನಾಲ್ಕನೆಯ ದಿನ ಒಂದು ನಿಂತಿತು. ಚಿಕ್ಕಬೋರಯ್ಯ ತಿರುಗಿ ಅವಳ ಮುಖ ನೋಡಿದ. “ಊಂ” ಅಂದಳು. ಅಷ್ಟಕ್ಕೇ ಅವನು ದಿನವೆಲ್ಲ ಹಿಗ್ಗಿಕೊಂಡು ಓಡಾಡಿದ. ಇಪ್ಪತ್ತಮೂರನೆಯ ದಿನ ಮಧ್ಯಾಹ್ನ, ಮುದ್ದೆ ಉಂಡು, ಗೋಡೆಗೆ ಒರಗಿದವಳು ಹಾಗೇ ಹೋಗಿಬಿಟ್ಟಳು. ಕಾಲು ಚಾಚಿದ್ದು ಚಾಚಿದ ಹಾಗೇ ಇತ್ತು.

ಚಲುವಮ್ಮ ಮಳವಳ್ಳಿಯಿಂದ ಬಂದು ಗೋಳಾಡಿದಳು. ದಾಸಯ್ಯ ಶಂಖ ಊದಿದ. ಪುರೋಹಿತರು ಕರೆಯದಿದ್ದರೂ ಬಂದು, ಬೇಲಿಯ ಆಚೆ ನಿಂತು, ಮೆಲ್ಲಗೆ ಕೇಳಿದರು: “ಬೋರ, ಹಸು...?”

“ಬ್ಯಾಡ ಅಂದವ್ಳೆ ಸಾಮಿ. ನಡ್ಕಂಡೇ ದಾಟ್ತಾಳಂತೆ.”

“ದಾಟ್ತಾಳೆ ಬಿಡು” ಅಂದರು ಪುರೋಹಿತರು.

ಕೆಂಚಿ ಅಗ್ರಹಾರಕ್ಕೆ ಹೋಗುವುದೇನೂ ನಿಲ್ಲಲಿಲ್ಲ. ಈಗ ಹಗ್ಗ ಹಿಡಿದವನ ಕಂಕುಳಲ್ಲೇ ಮಂಕರಿಯೂ ಇರುತ್ತದೆ. ದಿನಾ ಬೆಳಗ್ಗೆ ಕೋಳಿ ಕೂಗುವ ಮೊದಲು ಎದ್ದು ಚಿಕ್ಕಬೋರಯ್ಯ ಕೊಟ್ಟಿಗೆ ಬಾಚುತ್ತಾನೆ. ಸಂಕ್ರಾಂತಿ ಇರಲಿ, ಜ್ವರ ಇರಲಿ, ಸೋಮವಾರ ಇರಲಿ, ಒಂದು ದಿನವೂ ತಪ್ಪಿಸುವುದಿಲ್ಲ. ಕೇರಿಯ ಗಂಡಸರಿಗೆ ಇದು ದೊಡ್ಡ ತಮಾಷೆಯಾಯಿತು. ಕೊನೆಗೆ ಒಂದು ದಿನ ಅಂಕಯ್ಯನೇ ಬಂದು, “ಯಾಕ್ಲಾ ಈ ವಯಸ್ನಲ್ಲಿ ನಿಂಗಿದು? ನಮ್ಮನೆಯೋಳು ಬಾಚಾಕ್ತೀನಿ ಅಂತಾವ್ಳೆ. ಒಂದಿನ ಸಗಣಿ ಅಲ್ಲೇ ಬಿದ್ದಿದ್ರೆ ಏನ್ಲಾ ಗಂಟು ಓಯ್ತದೆ?” ಅಂದ.

ಚಿಕ್ಕಬೋರಯ್ಯ ಬಗ್ಗಿದ್ದವನು ತಲೆ ಎತ್ತಲಿಲ್ಲ. ಅಂಗೈಯನ್ನು ಅಡಿಗೆ ಹಾಕಿ, ತಬ್ಬಿ ಎತ್ತಿ, ಮಂಕರಿಗೆ ಇಟ್ಟ. ಬಲಗಡೆ ಒಂದು ಚೂರು ಉಳಿದಿತ್ತು, ಅದನ್ನೂ ಬಾಚಿದ.

“ನಾನ್ ಬಾಚ್ದೆ ಬುಟ್ರೆ ಅಲ್ಲಿ ಅವಳು ಎದ್ಬುಡ್ತಾಳೆ ಕಣ್ಲಾ.”